ಚಳಿ ಇಳಿಯುವಾಗ ಕೈತೋಟ: ಮನೆಮಂದಿಯೆಲ್ಲ ಸೇರಿ ಶುರು ಮಾಡುವ ಬಗೆ

ನಮ್ಮ ಮೊದಲ ಕೈತೋಟ ಬಾಳಿದ್ದು ಎಂಟೇ ವಾರ. ಚಳಿ ಇಳಿದ ಮೊದಲ ಭಾನುವಾರ ಎಲ್ಲರೂ ಸಲಿಕೆ, ಗುದ್ದಲಿ ಹಿಡಿದು ಹಿತ್ತಲಿನ ತುದಿಯಲ್ಲಿ ದೊಡ್ಡದೊಂದು ಜಾಗ ಅಗೆದೆವು. ಹನ್ನೆರಡು ಬಗೆಯ ಬೀಜ ತಂದಿದ್ದೆವು. ಬಿತ್ತುವುದಕ್ಕೆ ಮಕ್ಕಳು ನಾ ಮುಂದು ತಾ ಮುಂದು ಎಂದು ಜಗಳವಾಡಿದರು. ಮೂರನೇ ವಾರಕ್ಕೆ ಜಗಳ ಬದಲಾಯಿತು: ನೀರು ಹಾಕುವ ಸರದಿ ಯಾರದು? ಎಂಟನೇ ವಾರ ಹೋಗಿ ನೋಡಿದರೆ ಕಳೆ ಮೊಣಕಾಲೆತ್ತರ. ಒಳಗೆಲ್ಲೋ ನಾಲ್ಕು ಮೂಲಂಗಿ ಬಲಿತು, ಕಟ್ಟಿಗೆಯಾಗಿ, ಹೂ ಬಿಟ್ಟು ನಿಂತಿದ್ದವು.

ಮಣ್ಣು ಚೆನ್ನಾಗಿತ್ತು, ಬೀಜವೂ ಚೆನ್ನಾಗಿತ್ತು. ಆ ಮೂಲೆಗೆ ವಾರದ ದಿನಗಳಲ್ಲಿ ಯಾರೂ ಹೋಗುತ್ತಲೇ ಇರಲಿಲ್ಲ, ಅಷ್ಟೇ. ಮರುವರ್ಷ ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲಿ ಒಂದೇ ಒಂದು ಪಾತಿ ಮಾಡಿದೆವು. ಅದು ಉಳಿಯಿತು. ಅದಕ್ಕೇ ಇಲ್ಲಿ ಹೇಳುವುದೆಲ್ಲ ಅಂಥ ಒಂದು ಪಾತಿಯ ಲೆಕ್ಕ: 120 ಸೆಂಟಿಮೀಟರ್ ಅಗಲ, 240 ಸೆಂಟಿಮೀಟರ್ ಉದ್ದ, ಅಂದರೆ ಸುಮಾರು ಮೂರು ಚದರ ಮೀಟರ್. ಮೊದಲ ವರ್ಷಕ್ಕೆ ಇದಕ್ಕಿಂತ ಜಾಸ್ತಿ ಬೇಡ.

ದಿನಚರಿ ಮೊದಲು, ಸಲಿಕೆ ಆಮೇಲೆ

ಬೀಜ ಕೊಳ್ಳುವ ಮೊದಲು ಒಂದು ಸಂಜೆ ಎಲ್ಲರೂ ಕೂತು ಮಾತಾಡಿ. ಮುಂದಿನ ಮೂರು ತಿಂಗಳು ದಿನಕ್ಕೆ ಹತ್ತು ನಿಮಿಷ ಯಾರಿಗೆ ಸಿಗುತ್ತದೆ? "ಎಲ್ಲರಿಗೂ" ಅನ್ನುವ ಉತ್ತರ ಒಪ್ಪಬೇಡಿ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಬೇಕಲ್ಲ! ದೊಡ್ಡವನಿಗೆ ಪರೀಕ್ಷೆ ಇದೆಯಾ, ಮನೆಯಲ್ಲಿ ಹಸುಗೂಸು ಇದೆಯಾ, ನಡುವೆ ಎರಡು ವಾರ ಎಲ್ಲಾದರೂ ಹೋಗುವುದಿದೆಯಾ, ಎಲ್ಲ ಈಗಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಹತ್ತು ನಿಮಿಷವೂ ಕಷ್ಟ ಎಂದಾದರೆ ಪಾತಿ ಬೇಡ, ಮೂರು ಕುಂಡ ಸಾಕು.

ಆಮೇಲೆ, ಏನು ಬೆಳೆಯಬೇಕು ಅನ್ನುವುದು. ಪೊಟ್ಟಣದ ಮೇಲಿನ ಚಿತ್ರಕ್ಕೆ ಮರುಳಾಗಿ ನಾವು ಮೊದಲ ವರ್ಷ ಬೀಟ್‌ರೂಟ್ ಹಾಕಿದ್ದೆವು. ನಮ್ಮ ಮನೆಯಲ್ಲಿ ಬೀಟ್‌ರೂಟ್ ತಿನ್ನುವವರು ಒಬ್ಬರೂ ಇಲ್ಲ. ಪ್ರತಿಯೊಬ್ಬರೂ ತಾವು ನಿಜವಾಗಿ ತಿನ್ನುವ ಒಂದು ತರಕಾರಿ ಹೇಳಲಿ, ನಾಲ್ಕೈದಕ್ಕೆ ನಿಲ್ಲಿಸಿ. ಅದರಲ್ಲಿ ಒಂದಾದರೂ ಬೇಗ ಕೈಗೆ ಬರುವ ಬೆಳೆ ಇರಲಿ. ಸಣ್ಣ ದುಂಡು ಮೂಲಂಗಿ ನಾಲ್ಕೈದು ದಿನಕ್ಕೆ ಮೊಳೆತು, 25ರಿಂದ 30 ದಿನಕ್ಕೆ ಕೀಳಲು ಸಿಗುತ್ತದೆ. ಚಿಕ್ಕ ಮಕ್ಕಳ ತಾಳ್ಮೆಗೆ ಅದೇ ಸರಿ. ಟೊಮೆಟೊ ಒಂದನ್ನೇ ನಂಬಿ ಕೂತರೆ ಮೊದಲ ಹಣ್ಣು ಕೆಂಪಾಗುವ ಹೊತ್ತಿಗೆ ಅವರು ತೋಟವನ್ನೇ ಮರೆತಿರುತ್ತಾರೆ.

ಜಾಗ: ಬಿಸಿಲು ಎಲ್ಲಿ, ಕಾಲು ಎಲ್ಲಿ

ಕಾಯಿ, ಹಣ್ಣು ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 3–4 ಗಂಟೆ ಸಿಕ್ಕರೂ ನಡೆಯುತ್ತದೆ. ಅಂದಾಜಿನಲ್ಲಿ ಹೇಳುವುದು ಬೇಡ, ಅಳೆಯಿರಿ. ರಜೆಯ ದಿನ ಮಕ್ಕಳ ಕೈಗೆ ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಮನೆಯ ಸುತ್ತಲಿನ ನಕ್ಷೆ ಬರೆಸಿ. ಎರಡು ಗಂಟೆಗೊಮ್ಮೆ ಹೊರಗೆ ಹೋಗಿ ನೆರಳು ಬಿದ್ದ ಜಾಗಕ್ಕೆ ಬಣ್ಣ ತುಂಬಲಿ. ಸಂಜೆಗೆ ಬಣ್ಣ ಬೀಳದೆ ಉಳಿದ ಜಾಗ ನಿಮ್ಮದು.

ಒಂದು ಎಚ್ಚರಿಕೆ. ಚಳಿಗಾಲದ ಕೊನೆಯಲ್ಲಿ ಎಲೆ ಉದುರಿದ ಮರಗಳು ಬೋಳಾಗಿರುತ್ತವೆ. ಈಗ ಧಾರಾಳ ಬಿಸಿಲು ಬೀಳುವ ಜಾಗ ಎರಡು ತಿಂಗಳಲ್ಲಿ ಪೂರ್ತಿ ನೆರಳಾಗಬಹುದು. ಗೋಡೆಯ ನೆರಳು ಇದಕ್ಕೆ ಉಲ್ಟಾ. ಸೂರ್ಯ ಮೇಲೇರಿದ ಹಾಗೆ ಅದು ಚಿಕ್ಕದಾಗುತ್ತಾ ಬರುತ್ತದೆ. ಹಾಗಾಗಿ ಮರದ ಪಕ್ಕದ ಜಾಗಕ್ಕಿಂತ ಗೋಡೆಯಿಂದ ಸ್ವಲ್ಪ ದೂರದ ಜಾಗವನ್ನು ನಾನು ಹೆಚ್ಚು ನಂಬುತ್ತೇನೆ.

ಬಿಸಿಲಿನ ಜೊತೆಗೆ ಇನ್ನೊಂದು ನೋಡಬೇಕು: ನಿಮ್ಮ ಮನೆಯವರ ಕಾಲು ದಿನಾ ಎಲ್ಲಿ ಹಾಯುತ್ತದೆ? ಕಸ ಹಾಕಲು, ಬಟ್ಟೆ ಒಣಗಿಸಲು, ಸ್ಕೂಟರ್ ತೆಗೆಯಲು ಓಡಾಡುವ ದಾರಿಯ ಪಕ್ಕದಲ್ಲೇ ಪಾತಿ ಇರಲಿ. ಎರಡು ಗಂಟೆ ಕಡಿಮೆ ಬಿಸಿಲು ಬಿದ್ದರೂ ಕಣ್ಣಿಗೆ ಬೀಳುವ ಜಾಗವೇ ಗೆಲ್ಲುತ್ತದೆ. ನಲ್ಲಿಯೂ ಹತ್ತಿರವಿದ್ದರೆ ಇನ್ನೇನು ಬೇಕು.

ಅಗಲ 120 ಸೆಂಟಿಮೀಟರ್ ಯಾಕೆಂದರೆ, ಎರಡೂ ಬದಿಯಿಂದ ದೊಡ್ಡವರ ಕೈ ನಡುವಿನವರೆಗೆ ಮುಟ್ಟುತ್ತದೆ, ಪಾತಿ ತುಳಿಯಬೇಕಾಗಿಲ್ಲ. ಒಂದೇ ಬದಿಯಿಂದ ಕೈ ಹಾಕುವುದಾದರೆ, ಅಥವಾ ಚಿಕ್ಕ ಮಕ್ಕಳೇ ನೋಡಿಕೊಳ್ಳುವುದಾದರೆ 60 ಸೆಂಟಿಮೀಟರ್ ಸಾಕು.

ನೆಲವೇ ಇಲ್ಲದವರಿಗೆ ಕುಂಡ. ಸೊಪ್ಪಿಗೆ 15–20 ಸೆಂಟಿಮೀಟರ್ ಆಳ, ಟೊಮೆಟೊ ಒಂದು ಗಿಡಕ್ಕೆ 20 ಲೀಟರ್. ತಳದಲ್ಲಿ ತೂತು ಇರಲೇಬೇಕು. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದು ಹಳೆಯ ನಂಬಿಕೆ, ನಿಜವಲ್ಲ. ಜಲ್ಲಿಯ ಮೇಲಿನ ಮಣ್ಣಲ್ಲೇ ನೀರು ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ಬಾಲ್ಕನಿಯಲ್ಲಿ ಇಡುವವರು ತೂಕ ನೆನಪಿಡಿ: ಒದ್ದೆ ಮಣ್ಣು ತುಂಬಿದ 20 ಲೀಟರಿನ ಕುಂಡ 30 ಕಿಲೋ ಮುಟ್ಟಬಹುದು.

ಮಣ್ಣಿನ ಹದ

ವಸಂತದ ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಬಿಸಿಲು ಕಂಡ ಕೂಡಲೇ ಅಗೆಯುವ ಹುಮ್ಮಸ್ಸು ಬರುತ್ತದೆ, ಆದರೆ ಒಳಗೆ ಮಣ್ಣು ಇನ್ನೂ ನೀರು ಕುಡಿದು ಕೂತಿರುತ್ತದೆ. ಒದ್ದೆ ಮಣ್ಣು ಅಗೆದರೆ, ತುಳಿದರೆ, ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದಾಗ ಹೆಂಟೆ ಕಲ್ಲಿನಂತಾಗುತ್ತದೆ. ಒಂದು ಭಾನುವಾರದ ಅವಸರ ಇಡೀ ವರ್ಷ ಕಾಡುತ್ತದೆ.

ಹದ ನೋಡುವುದು ಸುಲಭ. ಒಂದು ಗೇಣು ಆಳದಿಂದ ಒಂದು ಮುಷ್ಟಿ ಮಣ್ಣು ತೆಗೆದು ಗಟ್ಟಿಯಾಗಿ ಹಿಸುಕಿ ಉಂಡೆ ಮಾಡಿ. ಅಂಗೈ ಬಿಚ್ಚಿ, ಹೆಬ್ಬೆರಳಿನಿಂದ ಮೆತ್ತಗೆ ತಿವಿಯಿರಿ. ಬೆರಳಿನ ಗುರುತು ಮಾತ್ರ ಮೂಡಿ, ಉಂಡೆ ಹಾಗೇ ಹೊಳೆಯುತ್ತಾ ಕೂತರೆ ಇನ್ನೂ ನಾಲ್ಕು ದಿನ ಕಾಯಿರಿ. ಉಂಡೆ ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ. ನನ್ನ ಮಗಳು ಈ ಪರೀಕ್ಷೆಯನ್ನು ದಿನಕ್ಕೆ ಮೂರು ಸಲ ಮಾಡುತ್ತಿದ್ದಳು. "ಅಪ್ಪಾ, ಇವತ್ತು ಅರ್ಧ ಒಡೀತು!" ಎಂದು ಕೂಗಿಕೊಂಡು ಬರುತ್ತಿದ್ದಳು. ಅರ್ಧ ಒಡೆದರೆ ಇನ್ನೊಂದೆರಡು ದಿನ.

ಕಾಯುವ ದಿನಗಳಲ್ಲಿ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ. ಗಾಜಿನ ಜಾರ್‌ನಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷಕ್ಕೆ ತಳ ಸೇರುತ್ತದೆ. ಅದರ ಮೇಲೆ ಒಂದೆರಡು ಗಂಟೆಯಲ್ಲಿ ನಯವಾದ ಗೋಡು ಕೂರುತ್ತದೆ. ಜೇಡಿ ಎಲ್ಲಕ್ಕಿಂತ ಮೇಲೆ, ಒಂದೆರಡು ದಿನ ತೆಗೆದುಕೊಂಡು. ಮೂರು ಪದರಗಳನ್ನು ಸ್ಕೇಲಿನಿಂದ ಅಳೆಯಿರಿ. ಮರಳು ಜಾಸ್ತಿ ಇದ್ದರೆ ನೀರು, ಗೊಬ್ಬರ ಎರಡೂ ಬೇಗ ಸೋರಿಹೋಗುತ್ತವೆ. ಜೇಡಿ ಜಾಸ್ತಿ ಇದ್ದರೆ ನೀರು ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ, ಕಳಿತ ಗೊಬ್ಬರ. ಜೇಡಿಗೆ ಮರಳು ಬೆರೆಸಲು ಹೋಗಬೇಡಿ, ಸಿಮೆಂಟಿನ ಹಾಗೆ ಗಟ್ಟಿಯಾಗುವುದೇ ಹೆಚ್ಚು.

ಗೊಬ್ಬರದ ಲೆಕ್ಕ: ಮೂರು ಚದರ ಮೀಟರಿಗೆ 5 ಸೆಂಟಿಮೀಟರ್ ದಪ್ಪ ಹರಡಲು 150 ಲೀಟರ್, ಅಂದರೆ ಹತ್ತು ಲೀಟರಿನ ಹದಿನೈದು ಬಕೆಟ್. ಹರಡಿ, ಮೇಲಿನ 15–20 ಸೆಂಟಿಮೀಟರ್ ಮಣ್ಣಿನ ಜೊತೆ ಬೆರೆಸಿ. ಗೊಬ್ಬರ ಪೂರ್ತಿ ಕಳಿತಿರಬೇಕು: ಕಪ್ಪಗೆ, ಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿ, ಕೋಳಿ ಗೊಬ್ಬರ ಈಗ ಬೇಡವೇ ಬೇಡ. ಅದರಲ್ಲಿ ರೋಗಾಣುಗಳಿರುತ್ತವೆ. ಹಾಕಿದರೆ ಮಣ್ಣಿಗೆ ತಾಗುವ ಬೆಳೆಯನ್ನು ಕೊಯ್ಯುವುದಕ್ಕೆ ಕನಿಷ್ಠ ನಾಲ್ಕು ತಿಂಗಳು ಕಳೆಯಬೇಕು.

ಹುಲ್ಲು ಬೆಳೆದ ಜಾಗವಾದರೆ ಅಗೆಯದೆಯೂ ಮಾಡಬಹುದು. ಹುಲ್ಲನ್ನು ಬುಡಕ್ಕೆ ಕೊಯ್ದು, ಟೇಪ್ ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಅಂಚು ಒಂದರ ಮೇಲೊಂದು ಬರುವಂತೆ ಹಾಸಿ, ನೀರು ಹಾಕಿ ನೆನೆಸಿ. ಅದರ ಮೇಲೆ 10–15 ಸೆಂಟಿಮೀಟರ್ ಗೊಬ್ಬರ. ಬೆನ್ನುನೋವಿನವರಿಗೆ ಇದೇ ಒಳ್ಳೆಯದು. ಆದರೆ ರಟ್ಟು ಕರಗಲು ಕೆಲವು ತಿಂಗಳು ಬೇಕು, ಹಾಗಾಗಿ ಮೊದಲ ಸಲ ಕ್ಯಾರೆಟ್‌ನಂಥ ಉದ್ದ ಬೇರಿನ ಬೆಳೆ ಬೇಡ.

ಹಳೆಯ ಮನೆಯ ಗೋಡೆ ಬುಡದಲ್ಲಿ ತೋಟ ಮಾಡುವವರು ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಹಳೆ ಪೇಂಟ್ ಉದುರಿ ಸೀಸ ಸೇರಿರಬಹುದು, ಮಕ್ಕಳು ಮಣ್ಣಿನ ಕೈ ಬಾಯಿಗಿಡುತ್ತಾರೆ. ಅನುಮಾನವಿದ್ದರೆ ನೆಲದ ಮೇಲೆ ಹಲಗೆಯ ಚೌಕಟ್ಟು ಮಾಡಿ, ತಳಕ್ಕೆ ದಪ್ಪ ಬಟ್ಟೆ ಹಾಸಿ, ಹೊಸ ಮಣ್ಣು ತುಂಬಿ. ಅದೇ ಪರೀಕ್ಷೆಯಲ್ಲಿ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ ಕೂಡ ಗೊತ್ತಾಗುತ್ತದೆ. 6ರಿಂದ 7ರ ನಡುವೆ ಇದ್ದರೆ ಬಹುತೇಕ ತರಕಾರಿಗೆ ಸರಿ.

ಯಾವಾಗ ಬಿತ್ತಬೇಕು

ತಾರೀಕು ನೋಡಬೇಡಿ, ಮಣ್ಣಿನ ಬಿಸಿ ನೋಡಿ. ಸಾದಾ ಥರ್ಮಾಮೀಟರನ್ನು 5–8 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಬೆಳಿಗ್ಗೆ ಒಂದೇ ಹೊತ್ತಿಗೆ ನಾಲ್ಕು ದಿನ ಅಳೆಯಿರಿ. ಬಟಾಣಿ, ಪಾಲಕ್, ಲೆಟ್ಯೂಸ್ 5 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೊಳೆಯುತ್ತವೆ. ಮೂಲಂಗಿ, ಕ್ಯಾರೆಟ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಬೀನ್ಸ್, ಸೌತೆ 15 ದಾಟುವವರೆಗೆ ಕಾಯಲೇಬೇಕು, ಇಲ್ಲವಾದರೆ ಬೀಜ ಮಣ್ಣಲ್ಲೇ ಕೊಳೆಯುತ್ತದೆ.

ಬೇಗ ಬಿತ್ತಿದವರು ಬೇಗ ಕೊಯ್ಯುತ್ತಾರೆ ಅಂತೇನೂ ಇಲ್ಲ. 5 ಡಿಗ್ರಿಯಲ್ಲಿ ಬಟಾಣಿ ಮೇಲೆ ಬರಲು ಒಂದು ತಿಂಗಳೇ ಹಿಡಿಯಬಹುದು. 15 ಡಿಗ್ರಿಯಲ್ಲಿ ಒಂಬತ್ತು ಹತ್ತು ದಿನ. ಅಷ್ಟು ದಿನ ಬೀಜ ತಣ್ಣನೆ ಒದ್ದೆಯಲ್ಲಿ ಕೂತಿದ್ದರೆ ಇಲಿಗೋ ಬೂಸ್ಟಿಗೋ ಊಟವಾಗುತ್ತದೆ.

ನೀರು ಹೆಪ್ಪುಗಟ್ಟುವಂಥ ಚಳಿ ಇರುವ ಕಡೆ, ಕೊನೆಯ ಹಿಮ ಸಾಮಾನ್ಯವಾಗಿ ಯಾವಾಗ ಬೀಳುತ್ತದೆ ಎಂದು ಅಕ್ಕಪಕ್ಕದಲ್ಲಿ ವರ್ಷಗಳಿಂದ ತೋಟ ಮಾಡುವವರನ್ನು ಕೇಳಿ. ಟೊಮೆಟೊ, ಮೆಣಸಿನ ಸಸಿ ಹೊರಗೆ ನೆಡುವುದು ಅದು ಕಳೆದ ಮೇಲೆ. ಹಿಮವೇ ಬೀಳದ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿ ಹೆದರಬೇಕಾದದ್ದು ಮುಂದೆ ಬರುವ ಸೆಕೆಗೆ. ಬಿಸಿಲು ಏರಿದರೆ ಪಾಲಕ್, ಲೆಟ್ಯೂಸ್ ಬೇಗ ಹೂವಿಗೆ ತಿರುಗಿ ಎಲೆ ಕಹಿಯಾಗುತ್ತದೆ. ಆದ್ದರಿಂದ ತಂಪು ಬೆಳೆಗಳನ್ನು ಮೊದಲೇ ಮುಗಿಸಿಕೊಳ್ಳಿ.

ಮನೆಯೊಳಗೆ ಸಸಿ

ಹಳೆ ಬೀಜ ಇದ್ದರೆ ಮೊದಲು ಪರೀಕ್ಷೆ ಮಾಡಿ. ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿ ಡಬ್ಬಿಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿಡಿ. ಏಳಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಬಿತ್ತಿ. ನಾಲ್ಕೈದೇ ಮೊಳೆತರೆ ದಟ್ಟವಾಗಿ ಬಿತ್ತಿ. ಅದಕ್ಕಿಂತ ಕಡಿಮೆಯಾದರೆ ಹೊಸದು ತನ್ನಿ.

ಟೊಮೆಟೊ ಬೀಜವನ್ನು ಹೊರಗೆ ನೆಡುವುದಕ್ಕೆ 6–8 ವಾರ ಮೊದಲು, ಮೆಣಸಿನಕಾಯಿಯನ್ನು 8–10 ವಾರ ಮೊದಲು ಮನೆಯೊಳಗೆ ಹಾಕಬೇಕು. ತಳಕ್ಕೆ ತೂತು ಮಾಡಿದ ಮೊಸರಿನ ಕಪ್ ಸಾಕು. ಮೊಳೆಯುವವರೆಗೆ ಬೇಕಾದದ್ದು ಶಾಖ. ಮೊಳೆತ ದಿನದಿಂದ ಬೇಕಾದದ್ದು ಬೆಳಕು. ಕಿಟಕಿಯ ಬೆಳಕು ಸಾಲದಿದ್ದರೆ ಸಸಿ ದಾರದ ಹಾಗೆ ಉದ್ದವಾಗಿ, ಬಿಳಿಚಿಕೊಂಡು ಬೀಳುತ್ತದೆ. ಆಗ ಸಾದಾ ಎಲ್‌ಇಡಿ ಟ್ಯೂಬನ್ನು ಸಸಿಯ ತಲೆಯಿಂದ 5–10 ಸೆಂಟಿಮೀಟರ್ ಮೇಲೆ ತೂಗುಹಾಕಿ, ದಿನಕ್ಕೆ 14–16 ಗಂಟೆ ಉರಿಸಿ.

ನಿನ್ನೆ ಚೆನ್ನಾಗಿದ್ದ ಸಸಿ ಇವತ್ತು ಬುಡದಲ್ಲಿ ಚಿವುಟಿದ ಹಾಗೆ ಸಣ್ಣಗಾಗಿ ಮಲಗಿದ್ದರೆ ಅದು ಬುಡಕೊಳೆ. ಶಿಲೀಂಧ್ರದ ಕೆಲಸ. ಬಿದ್ದದ್ದು ಏಳುವುದಿಲ್ಲ. ಉಳಿದದ್ದನ್ನು ಉಳಿಸಲು ನೀರು ಕಡಿಮೆ ಮಾಡಿ, ಗಾಳಿಯಾಡಲು ಬಿಡಿ. ಮೇಲಿಂದ ನೀರು ಸುರಿಯುವ ಬದಲು ಕಪ್‌ಗಳನ್ನು ನೀರಿನ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ.

ಒಳಗೆ ಬೆಳೆದ ಸಸಿಯನ್ನು ನೇರ ಬಿಸಿಲಿಗೆ ನೆಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ ಹೊರಗಿಡಿ. ದಿನಾ ಒಂದೆರಡು ಗಂಟೆ ಹೆಚ್ಚಿಸುತ್ತಾ, ನಿಧಾನಕ್ಕೆ ಬಿಸಿಲಿಗೆ ತಂದು, ಹತ್ತನೇ ದಿನ ರಾತ್ರಿಯೂ ಹೊರಗೇ ಬಿಡಿ. ಆಮೇಲೆ ನೆಡಿ. ನಾನು ಒಮ್ಮೆ ಮಧ್ಯಾಹ್ನ ಹೊರಗಿಟ್ಟು ಮರೆತು, ಸಂಜೆಗೆ ಒಂಬತ್ತು ಸಸಿ ಕಳೆದುಕೊಂಡೆ. ಈಗ ಫೋನಿನಲ್ಲಿ ಅಲಾರಂ ಇಡುತ್ತೇನೆ.

ಬಿತ್ತುವ ದಿನ

ಯಾರು ಏನು ಮಾಡಬೇಕು ಎಂದು ಮೊದಲೇ ಹಂಚಿಕೊಳ್ಳಿ. ಮೂರು ನಾಲ್ಕು ವರ್ಷದ ಮಗುವಿಗೆ ಬಟಾಣಿಯಂಥ ದೊಡ್ಡ ಬೀಜ ಕೊಡಿ. ಕ್ಯಾರೆಟ್ ಬೀಜ ಕೊಟ್ಟರೆ ಇಡೀ ಪೊಟ್ಟಣ ಒಂದೇ ಕಡೆ ಬೀಳುತ್ತದೆ. ಏಳೆಂಟು ವರ್ಷದವರು ದಾರ ಕಟ್ಟಿ ಸಾಲು ಎಳೆಯಲಿ, ಹೆಸರಿನ ಕಡ್ಡಿ ಬರೆಯಲಿ. ಹದಿಹರೆಯದವರಿಗೆ ಗೊಬ್ಬರ ಹೊರುವ ಕೆಲಸ. ಗೊಣಗುತ್ತಾರೆ, ಮಾಡುತ್ತಾರೆ. ಅಜ್ಜ, ಅಜ್ಜಿಗೆ ಒಂದು ಸ್ಟೂಲ್ ಹಾಕಿಕೊಟ್ಟು ಸಣ್ಣ ಬೀಜ ಅವರ ಕೈಗೆ ಬಿಡಿ. ಚಿಟಿಕೆಯಲ್ಲಿ ಹಿಡಿದು ತೆಳ್ಳಗೆ ಉದುರಿಸುವ ಕೈಚಳಕ ನಮಗಿಂತ ಅವರಿಗೆ ಚೆನ್ನಾಗಿರುತ್ತದೆ.

ಆಳದ ಲೆಕ್ಕ ಒಂದೇ: ಬೀಜದ ದಪ್ಪದ ಎರಡು ಮೂರು ಪಟ್ಟು. ಬಟಾಣಿಗೆ 3 ಸೆಂಟಿಮೀಟರ್, ಒಂದರಿಂದೊಂದು 5 ಸೆಂಟಿಮೀಟರ್ ದೂರ. ಮೂಲಂಗಿ, ಪಾಲಕ್‌ಗೆ 1 ಸೆಂಟಿಮೀಟರ್. ಲೆಟ್ಯೂಸ್ ಬೀಜ ಮೊಳೆಯಲು ಬೆಳಕು ಬೇಕು, ಹಾಗಾಗಿ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು.

ನಮ್ಮ ಕಿರಿಯವನಿಗೆ ನಾಲ್ಕು ವರ್ಷ ಆಗಿದ್ದಾಗ "ಒಂದು ತೂತಿಗೆ ಒಂದು ಬಟಾಣಿ" ಎಂದು ಹೇಳಿಕೊಟ್ಟೆ. ತಲೆಯಾಡಿಸಿದ. ಐದು ಕಾಳು ಹಾಗೇ ಹಾಕಿದ. ಆರನೇ ತೂತಿಗೆ ಬೊಗಸೆಯಲ್ಲಿದ್ದ ಅಷ್ಟನ್ನೂ ಸುರಿದು, ಮಣ್ಣು ಮುಚ್ಚಿ, ತಟ್ಟಿ, "ಪಾಪ, ಒಬ್ಬೊಬ್ಬರೇ ಇದ್ದರೆ ಕತ್ತಲಲ್ಲಿ ಹೆದರಿಕೊಳ್ತವೆ" ಅಂದ. ಅಲ್ಲಿ ಎದ್ದ ಬಟಾಣಿ ಪೊದೆಯನ್ನು ನಾವು ಕೀಳಲಿಲ್ಲ. ಕಡ್ಡಿ ಜಾಸ್ತಿ ನೆಟ್ಟೆವು, ಅಷ್ಟೇ.

ಕ್ಯಾರೆಟ್ ಮಾತ್ರ ಸ್ವಲ್ಪ ಸತಾಯಿಸುತ್ತದೆ. ಮೊಳೆಯಲು ಎರಡು ಮೂರು ವಾರ, ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು. ಬಿತ್ತಿ ನೀರು ಹಾಕಿ ಮೇಲೆ ಒಂದು ಹಲಗೆ ಮುಚ್ಚಿ. ಒಂದು ವಾರದ ನಂತರ ದಿನಾ ಎತ್ತಿ ನೋಡಿ, ಮೊಳಕೆ ಕಂಡ ದಿನವೇ ಹಲಗೆ ತೆಗೆಯಿರಿ. ಹಲಗೆ ಬೇಡ ಎನ್ನುವವರು ಅದೇ ಸಾಲಿಗೆ ನಾಲ್ಕಾರು ಮೂಲಂಗಿ ಬೀಜ ಬೆರೆಸಿ. ಮೂಲಂಗಿ ಬೇಗ ಎದ್ದು ಸಾಲು ಎಲ್ಲಿದೆ ಎಂದು ತೋರಿಸುತ್ತದೆ. ಕ್ಯಾರೆಟ್‌ಗೆ ಜಾಗ ಬೇಕಾಗುವ ಹೊತ್ತಿಗೆ ಅದು ತಟ್ಟೆಗೆ ಬಂದಿರುತ್ತದೆ.

ದಟ್ಟವಾಗಿ ಎದ್ದ ಸಸಿ ಕಿತ್ತು ತೆಳುಮಾಡಲು ಎಲ್ಲರಿಗೂ ಕರುಳು ಚುರುಕ್ ಅನ್ನುತ್ತದೆ. ಮಾಡಲೇಬೇಕು. ಮೂಲಂಗಿ, ಕ್ಯಾರೆಟ್ ಸಸಿಗಳ ನಡುವೆ 3–5 ಸೆಂಟಿಮೀಟರ್ ಬಿಡದಿದ್ದರೆ ಗಡ್ಡೆ ಕಟ್ಟುವುದೇ ಇಲ್ಲ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.

ನೀರು ಮತ್ತು ಸರದಿ

ಬೇರು ಬಿಟ್ಟ ಗಿಡಗಳಿಗೆ ವಾರಕ್ಕೆ ಚದರ ಮೀಟರಿಗೆ ಸುಮಾರು 25 ಲೀಟರ್, ಮಳೆಯೂ ಸೇರಿ. ನಮ್ಮ ಪಾತಿಗೆ 75 ಲೀಟರ್, ಅಂದರೆ ಐದು ಲೀಟರಿನ ಕ್ಯಾನ್ ಹದಿನೈದು ಸಲ. ವಾರಕ್ಕೆ ಎರಡು ಮೂರು ಬಾರಿ ಆಳಕ್ಕೆ ಇಳಿಯುವ ಹಾಗೆ ಹಾಕಿದರೆ ಬೇರು ಕೆಳಗೆ ಹೋಗುತ್ತದೆ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿದು, ಒಂದು ದಿನ ತಪ್ಪಿದರೂ ಬಾಡುತ್ತದೆ. ಈಗ ತಾನೇ ಬಿತ್ತಿದ ಸಾಲಿಗೆ ಮಾತ್ರ ದಿನಾ, ಸಣ್ಣ ತೂತಿನ ಮೂತಿಯಿಂದ, ಹಗುರಾಗಿ. ಅನುಮಾನ ಬಂದರೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ಅಲ್ಲಿ ತಣ್ಣಗಿದ್ದರೆ ಇವತ್ತು ಬೇಡ.

ಸರದಿಗೆ ನಮ್ಮಲ್ಲಿ ನಡೆದ ಉಪಾಯ ಒಂದೇ: ಅವತ್ತು ನೀರು ಹಾಕಿದವರಿಗೇ ಅವತ್ತು ಕೀಳುವ ಹಕ್ಕು. ಬಟಾಣಿ ತುಂಬಿಕೊಂಡ ವಾರ ನೀರು ಹಾಕಲು ಬೆಳಿಗ್ಗೆ ಆರಕ್ಕೇ ಕ್ಯೂ ಇತ್ತು. ಮೊದಲ ತಿಂಗಳು, ಕೀಳಲು ಏನೂ ಇಲ್ಲದಾಗ, ನಾವಿಬ್ಬರೂ ಬೆಳಗಿನ ಕಾಫಿ ಲೋಟ ಹಿಡಿದು ಪಾತಿಯ ಪಕ್ಕ ನಿಲ್ಲುತ್ತಿದ್ದೆವು. ಮಕ್ಕಳು ತಾವಾಗೇ ಬರುತ್ತಿದ್ದರು.

ಸಸಿ ಒಂದು ಗೇಣು ಬೆಳೆದ ಮೇಲೆ ಒಣ ಹುಲ್ಲು, ತರಗೆಲೆಯನ್ನು ಬುಡ ಬಿಟ್ಟು 5 ಸೆಂಟಿಮೀಟರ್ ಹೊದಿಸಿ. ಕಳೆಯೂ ಕಡಿಮೆ, ನೀರೂ ಉಳಿಯುತ್ತದೆ. ಅದಕ್ಕೂ ಮೊದಲೇ ಹೊದಿಸಿದರೆ ಮಣ್ಣು ಬಿಸಿಯೇರುವುದಿಲ್ಲ.

ಹುಳ, ಮತ್ತು ಕೆಲವು ಎಚ್ಚರಿಕೆ

ರಾತ್ರೋರಾತ್ರಿ ಎಲೆ ತೂತಾಗಿ, ಬೆಳ್ಳಿ ಗೆರೆ ಕಂಡರೆ ಬಸವನಹುಳು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ಆಯುವುದೇ ಒಳ್ಳೆ ದಾರಿ, ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸ ಇಲ್ಲ. ಕೈಗೆ ಗ್ಲೌಸ್ ಇರಲಿ. ಚಿಗುರಿಗೆ ಮುತ್ತಿದ ಸಸ್ಯಹೇನನ್ನು ಜೋರು ನೀರಿನಿಂದ ಹೊಡೆದು ಬೀಳಿಸಿ. ವಿಷ ಸಿಂಪಡಿಸಿದರೆ ಹೇನು ತಿನ್ನುವ ಗುಲಗಂಜಿ ಹುಳುವೂ ಸಾಯುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ಬಿಟ್ಟು ಬರಬೇಡಿ. ಅಂಬೆಗಾಲಿಡುವ ಮಗುವಿಗೆ ಕೆಲವೇ ಸೆಂಟಿಮೀಟರ್ ನೀರೂ ಅಪಾಯ. ಟೊಮೆಟೊ, ಆಲೂಗೆಡ್ಡೆ ಗಿಡದ ಎಲೆ ತಿನ್ನುವಂಥದ್ದಲ್ಲ ಎಂದು ಹೇಳಿಕೊಡಿ. ಚೀಲದ ಗೊಬ್ಬರ, ಪಾಟ್ ಮಣ್ಣು ಬಿಚ್ಚುವಾಗ ಮುಖ ದೂರ ಇಟ್ಟು, ನೀರು ಚಿಮುಕಿಸಿ ಬಳಸಿ. ಅದರ ದೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಬ್ಯಾಕ್ಟೀರಿಯಾ ಇರಬಹುದು. ಎಲ್ಲರ ಟೆಟನಸ್ ಲಸಿಕೆ ಸರಿಯಾಗಿ ಆಗಿದೆಯಾ ನೋಡಿಕೊಳ್ಳಿ.

ಮೊದಲ ಸಾಲು ಖಾಲಿಯಾದಾಗ

ಮೂಲಂಗಿಯ ಭುಜ ಮಣ್ಣಿನಿಂದ ಮೇಲೆ ಕಾಣಿಸಿ, ಗೋಲಿಗಿಂತ ಸ್ವಲ್ಪ ದೊಡ್ಡದಾದರೆ ಕೀಳಿ. ಬಿಟ್ಟರೆ ಒಳಗೆ ಬೆಂಡಾಗುತ್ತದೆ. ಲೆಟ್ಯೂಸ್, ಪಾಲಕ್‌ನ ಹೊರಗಿನ ಎಲೆ ಮಾತ್ರ ಮುರಿದುಕೊಂಡರೆ ಒಳಗಿನದು ವಾರಗಟ್ಟಲೆ ಬರುತ್ತಿರುತ್ತದೆ. ಬಟಾಣಿ ಕಾಯಿ ಎರಡು ದಿನಕ್ಕೊಮ್ಮೆ ಬಿಡಿಸಬೇಕು. ಬಲಿಯಲು ಬಿಟ್ಟರೆ ಗಿಡ ಹೊಸ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಕೊನೆಗೆ ಬಟಾಣಿ ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಡಿ. ಅದರ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ ಇರುತ್ತವೆ.

ಖಾಲಿಯಾದ ಸಾಲಿಗೆ ಒಂದು ಬೊಗಸೆ ಗೊಬ್ಬರ ಬೆರೆಸಿ. ಅಷ್ಟು ಹೊತ್ತಿಗೆ ಮಣ್ಣು ಬೆಚ್ಚಗಾಗಿ, ಕಿಟಕಿಯಲ್ಲಿದ್ದ ಟೊಮೆಟೊ ಸಸಿ ಹೊರಗೆ ಬರಲು ತಯಾರಾಗಿರುತ್ತದೆ. ಸಾಲಿನಲ್ಲಿ ಕೆಲವು ಮೂಲಂಗಿ ಮಾತ್ರ ಸೊರಗಿ, ಬಾಲವಿಲ್ಲದೆ, ಓರೆಯಾಗಿ ನಿಂತಿದ್ದರೆ ರೋಗ ಎಂದು ಹೆದರಬೇಡಿ. "ಎಷ್ಟು ದೊಡ್ಡ ಆಯ್ತು" ಎಂದು ಯಾರೋ ದಿನಾ ಕಿತ್ತು ನೋಡಿ ಮತ್ತೆ ಹೂಳುತ್ತಿದ್ದಾರೆ.